ಹಳೆಯ ವಾಹನಗಳ ಒಳಾಂಗಣ ಸದ್ದಿನ ನಿಯಂತ್ರಣ

ಹಳೆಯ ವಾಹನಗಳ ಒಳಾಂಗಣ ಸದ್ದಿನ ನಿಯಂತ್ರಣ ಎಂದರೆ ಬಹುಕಾಲ ಬಳಕೆಯಲ್ಲಿರುವ ಕಾರು, ಜೀಪು, ವ್ಯಾನು ಮೊದಲಾದ ವಾಹನಗಳ ಒಳಗೆ ಕೇಳಿಬರುವ ರಸ್ತೆ, ಎಂಜಿನ್ ಹಾಗೂ ಗಾಳಿಯ ಸದ್ದನ್ನು ದುರಸ್ತಿಯ ಮೂಲಕವೂ ಸದ್ದುತಡೆ ವಸ್ತುಗಳ ಅಳವಡಿಕೆಯ ಮೂಲಕವೂ ತಗ್ಗಿಸುವ ಕೆಲಸ. ಭಾರತದಲ್ಲಿ ಖಾಸಗಿ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ಬಳಿಕ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಣಗೊಳ್ಳುತ್ತದೆ. ಆದ್ದರಿಂದ ತಯಾರಿಕೆ ನಿಂತುಹೋದ ಅಂಬಾಸಿಡರ್, ಮಾರುತಿ 800, ಓಮ್ನಿ, ಟಾಟಾ ಸುಮೋಗಳಂಥ ವಾಹನಗಳು ಗ್ರಾಮೀಣ ಭಾಗದಲ್ಲಿ ಈಗಲೂ ಓಡಾಡುತ್ತಿವೆ. ಇವುಗಳ ತಯಾರಿಕೆಯ ಕಾಲದಲ್ಲಿ ಒಳಾಂಗಣದ ನಿಶ್ಶಬ್ದಕ್ಕೆ ಇಂದಿನಷ್ಟು ಮಹತ್ವವಿರಲಿಲ್ಲ. ಜೊತೆಗೆ ವಯಸ್ಸಾದಂತೆ ರಬ್ಬರು ಗಟ್ಟಿಯಾಗಿ, ತಿರುಪುಗಳು ಸಡಿಲಗೊಂಡು ಸದ್ದು ಹೆಚ್ಚುತ್ತ ಹೋಗುತ್ತದೆ. ಕನ್ನಡದಲ್ಲಿ ‘ಶಬ್ದ’ ಎಂಬುದಕ್ಕೆ ಪದ, ಮಾತು ಎಂಬ ಅರ್ಥಗಳೂ ಇರುವುದರಿಂದ ಈ ಲೇಖನದಲ್ಲಿ ‘ಸದ್ದು’ ಎಂಬುದನ್ನೇ ಬಳಸಲಾಗಿದೆ.

ಸದ್ದಿನ ಮೂಲ ಮತ್ತು ಮಾರ್ಗ

ಸದ್ದು ಒಳಬರುವ ಮಾರ್ಗಗಳು ಎರಡು. ಟೈರು, ಎಂಜಿನ್ ಮತ್ತು ಹೊಗೆಕೊಳವೆಯ ಸದ್ದು ಗಾಳಿಯ ಮೂಲಕ ಬಂದು ತಗಡು, ಗಾಜು, ಸಂದುಗಳನ್ನು ದಾಟುವುದು ಒಂದು. ಚಕ್ರದ ಅದುರುವಿಕೆ ಸಸ್ಪೆನ್ಷನ್ ಮೂಲಕ ಚೌಕಟ್ಟಿಗೇರಿ, ನೆಲ ಹಾಗೂ ಛಾವಣಿಯ ತಗಡನ್ನು ಡೋಲಿನ ಚರ್ಮದಂತೆ ಕಂಪಿಸುವುದು ಇನ್ನೊಂದು. ಸುಮಾರು 500 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು ಹೆಚ್ಚಾಗಿ ಎರಡನೆಯ ಮಾರ್ಗದಿಂದಲೂ, ಅದಕ್ಕಿಂತ ಮೇಲಿನ ಸುಯ್ಯೆನ್ನುವ ಸದ್ದು ಮೊದಲನೆಯ ಮಾರ್ಗದಿಂದಲೂ ಬರುತ್ತದೆ. ಟೈರು ಮತ್ತು ರಸ್ತೆಯ ಘರ್ಷಣೆಯ ಸದ್ದು 1000 ಹರ್ಟ್ಸ್ ಆಸುಪಾಸಿನಲ್ಲಿ ಅತಿ ಪ್ರಬಲವಾಗಿರುತ್ತದೆ. ಟೈರಿನೊಳಗಿನ ಗಾಳಿಯ ಅನುನಾದವು 200ರಿಂದ 250 ಹರ್ಟ್ಸ್ ಸುಮಾರಿನಲ್ಲಿ ಪ್ರತ್ಯೇಕ ಝೇಂಕಾರವಾಗಿ ಕೇಳಿಸುತ್ತದೆ.

ವೇಗ ಎರಡು ಪಟ್ಟಾದಾಗ ಟೈರಿನ ಸದ್ದು ಸುಮಾರು 9ರಿಂದ 12 ಡೆಸಿಬೆಲ್ ಏರುತ್ತದೆ. 10 ಡೆಸಿಬೆಲ್ ಏರಿಕೆಯನ್ನು ಕಿವಿ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಎಂದು ಗ್ರಹಿಸುತ್ತದೆ. ಹಾಗಾಗಿ ಗಂಟೆಗೆ 90 ಕಿ.ಮೀ. ವೇಗದಿಂದ 70ಕ್ಕೆ ಇಳಿಯುವುದು ಖರ್ಚಿಲ್ಲದ ಸದ್ದುತಡೆ.

ಡೆಸಿಬೆಲ್ ಲೆಕ್ಕದ ಒಂದು ಗುಣವನ್ನು ಅರಿಯದೆ ಅನೇಕರು ನಿರಾಶರಾಗುತ್ತಾರೆ. ಒಂದೇ ಬಲದ ನಾಲ್ಕು ಮೂಲಗಳಿಂದ ಸದ್ದು ಬರುತ್ತಿದ್ದು, ಅವುಗಳಲ್ಲಿ ಒಂದನ್ನು ಪೂರ್ತಿ ಅಳಿಸಿದರೂ ಒಟ್ಟು ಸದ್ದು ಕೇವಲ 1.25 ಡೆಸಿಬೆಲ್ ತಗ್ಗುತ್ತದೆ. ಇದನ್ನು ಕಿವಿ ಗುರುತಿಸುವುದೇ ಕಷ್ಟ. ಬಾಗಿಲುಗಳಿಗೆ ದುಬಾರಿ ಹಾಳೆ ಅಂಟಿಸಿದ ಬಳಿಕವೂ ‘ಏನೂ ವ್ಯತ್ಯಾಸವಾಗಲಿಲ್ಲ’ ಎನ್ನುವವರ ವಾಹನದಲ್ಲಿ ಸಾಮಾನ್ಯವಾಗಿ ಸದ್ದಿನ ಹಿರಿಯ ಮೂಲ ಬಾಗಿಲಾಗಿರುವುದಿಲ್ಲ.

ಮೊದಲು ದುರಸ್ತಿ

ಸದ್ದುತಡೆಯ ಸಾಮಗ್ರಿ ಕೊಳ್ಳುವ ಮುನ್ನ ಮೂಲವನ್ನು ಪತ್ತೆಹಚ್ಚುವುದು ಅಗತ್ಯ. ಸಮತಟ್ಟಾದ, ವಾಹನಸಂಚಾರವಿಲ್ಲದ ರಸ್ತೆಯಲ್ಲಿ ಎಂಜಿನ್ ಚಾಲೂ ಇರುವಂತೆಯೇ ಕ್ಷಣಕಾಲ ನ್ಯೂಟ್ರಲ್‌ಗೆ ತಂದಾಗ ಸದ್ದು ಹಾಗೆಯೇ ಉಳಿದರೆ ಅದು ಟೈರು, ಬೇರಿಂಗ್ ಅಥವಾ ಗಾಳಿಯದು. ಕೂಡಲೇ ತಗ್ಗಿದರೆ ಎಂಜಿನ್ನಿನದು. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಕೂಡದು. ಎಂಜಿನ್ನನ್ನು ಬಂದ್ ಮಾಡಲೂ ಕೂಡದು. ತಿರುವಿನಲ್ಲಿ ಒಂದು ಕಡೆಗೆ ಹೊರಳಿದಾಗ ಗುಂಯ್‌ಗುಡುವಿಕೆ ಹೆಚ್ಚಿ ಇನ್ನೊಂದು ಕಡೆಗೆ ತಗ್ಗಿದರೆ ಚಕ್ರದ ಬೇರಿಂಗ್ ಸವೆದಿರುವ ಸಂಭವವಿದೆ. ಅದನ್ನು ರಬ್ಬರು ಹಾಳೆಯಿಂದ ಮುಚ್ಚುವುದು ಅಪಾಯವನ್ನು ಮುಚ್ಚಿಟ್ಟಂತೆ.

ಹಳೆಯ ಟೈರಿನ ರಬ್ಬರು ಗಡುಸಾಗುತ್ತದೆ. ಚಕ್ರಗಳ ಅಲೈನ್‌ಮೆಂಟ್ ತಪ್ಪಿ ಅಂಚುಗಳು ಏರುಪೇರಾಗಿ ಸವೆದ ಟೈರು ಬೇರಿಂಗ್ ಕೆಟ್ಟಂತೆಯೇ ಕೂಗುತ್ತದೆ. ಇಂಥಲ್ಲಿ ಟೈರು ಬದಲಿಸುವುದೇ ಉಳಿದೆಲ್ಲ ಉಪಾಯಗಳಿಗಿಂತ ಫಲಕಾರಿ. ಎಂಜಿನ್ ಹಾಗೂ ಗೇರ್‌ಬಾಕ್ಸ್ ಮೌಂಟಿಂಗ್‌ಗಳು, ಸಸ್ಪೆನ್ಷನ್ ಬುಷ್‌ಗಳು, ಚಾಸಿಗೂ ಬಾಡಿಗೂ ನಡುವೆ ಇರುವ ರಬ್ಬರುಗಳು (ಸುಮೋ, ಟ್ರ್ಯಾಕ್ಸ್ ಮುಂತಾದವುಗಳಲ್ಲಿ) ಬಿರಿದಿವೆಯೇ ಎಂದು ನೋಡಬೇಕು. ಹೊಗೆಕೊಳವೆಯ ವಿಷಯದಲ್ಲಿ ಮೋಟಾರು ವಾಹನ ನಿಯಮಗಳು, 1989ರ 120ನೆಯ ನಿಯಮವು ಪ್ರತಿ ವಾಹನಕ್ಕೂ ಸೈಲೆನ್ಸರನ್ನು ಕಡ್ಡಾಯಗೊಳಿಸಿದೆ. ಸೈಲೆನ್ಸರುಗಳ ಧ್ವನಿಶಾಸ್ತ್ರದಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎಂ. ಎಲ್. ಮುಂಜಾಲ್ ಅವರು ಕೊಳವೆ ಮತ್ತು ಸೈಲೆನ್ಸರುಗಳ ಕುರಿತು 1987ರಲ್ಲಿ ಪ್ರಕಟಿಸಿದ ಗ್ರಂಥವು ಈ ಕ್ಷೇತ್ರದಲ್ಲಿ ವಿಶ್ವಮಾನ್ಯವಾಗಿದೆ.

ಸಂದುಗಳು

ಒಂದು ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಅದರ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ತೂತಿದ್ದರೆ ಅದು 20 ಡೆಸಿಬೆಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು. ಆದುದರಿಂದ ಬಾಗಿಲಿನ ಬೀಡಿಂಗ್, ಕಿಟಕಿಗಾಜಿನ ರಬ್ಬರು, ಕ್ಲಚ್ ಹಾಗೂ ವಯರುಗಳು ಹಾದುಬರುವ ತೂತುಗಳ ರಬ್ಬರು ಬಿರಡೆಗಳು ಅತಿಮುಖ್ಯ. ಬಾಗಿಲಿನ ಅಂಚಿಗೆ ಒಂದು ನೋಟನ್ನಿಟ್ಟು ಮುಚ್ಚಿ ಎಳೆದಾಗ ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬೀಡಿಂಗ್ ಕೂತಿಲ್ಲವೆಂದರ್ಥ. ರಾತ್ರಿ ಒಬ್ಬರು ಒಳಗೆ ಕುಳಿತು ಇನ್ನೊಬ್ಬರು ಹೊರಗಿನಿಂದ ಟಾರ್ಚ್ ಹಾಯಿಸಿದರೆ ಸಂದುಗಳು ತಾವಾಗಿಯೇ ಕಾಣುತ್ತವೆ. ಓಮ್ನಿಯಲ್ಲಿ ಎಂಜಿನ್ ಮುಂದಿನ ಆಸನಗಳ ಕೆಳಗೇ ಇರುವುದರಿಂದ ಅದರ ಮುಚ್ಚಳದ ಸುತ್ತಣ ರಬ್ಬರನ್ನು ಸರಿಪಡಿಸುವುದು ಮೊದಲ ಕೆಲಸವಾಗಬೇಕು.

ಮೂರು ಬಗೆಯ ವಸ್ತುಗಳು

ಮಾರುಕಟ್ಟೆಯಲ್ಲಿ ಎಲ್ಲವನ್ನೂ ‘ಸೌಂಡ್ ಪ್ರೂಫಿಂಗ್’ ಎಂದೇ ಮಾರಲಾಗುತ್ತದೆಯಾದರೂ ಕಂಪನ ತಗ್ಗಿಸುವುದು, ಸದ್ದನ್ನು ತಡೆಯುವುದು ಮತ್ತು ಹೀರುವುದು ಬೇರೆಬೇರೆ ಕೆಲಸಗಳು. ಒಂದರ ಕೆಲಸವನ್ನು ಇನ್ನೊಂದು ಮಾಡದು.

ಕಂಪನ ತಗ್ಗಿಸುವ ಹಾಳೆಯು ತಗಡಿಗೆ ಬಿಗಿಯಾಗಿ ಅಂಟಿಕೊಂಡು ಅದರ ಕಂಪನಶಕ್ತಿಯನ್ನು ಅತ್ಯಲ್ಪ ಶಾಖವಾಗಿ ಮಾರ್ಪಡಿಸುತ್ತದೆ. ಜರ್ಮನಿಯ ಓಬರ್ಸ್ಟ್ 1952ರಲ್ಲಿ ತಗಡಿನ ಮೇಲೆ ಬಳಿದ ಪದರದ ವರ್ತನೆಯನ್ನೂ, ಅಮೆರಿಕದ ಕರ್ವಿನ್ 1959ರಲ್ಲಿ ಮೇಲೊಂದು ಗಡುಸು ಪದರ ಹೊದಿಸಿದಾಗ ಆಗುವ ಲಾಭವನ್ನೂ ವಿವರಿಸಿದರು. ಇಂದಿನ ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ರಬ್ಬರು ಹಾಳೆ ಈ ಎರಡನೆಯ ತತ್ತ್ವವನ್ನೇ ಅನುಸರಿಸುತ್ತದೆ. ತಗಡಿನ ನಡುಭಾಗದ ನಾಲ್ಕನೆಯ ಒಂದರಷ್ಟನ್ನು ಮುಚ್ಚಿದರೂ ಬಹುಪಾಲು ಪ್ರಯೋಜನ ದೊರೆಯುತ್ತದೆ. ಪೂರ್ತಿ ಮುಚ್ಚುವುದರಿಂದ ಲಾಭ ಅಂಗಡಿಯವನಿಗೆ ಹೆಚ್ಚು. ಬೆರಳಿನಿಂದ ತಟ್ಟಿದಾಗ ‘ಠಣ್’ ಎನ್ನುತ್ತಿದ್ದ ತಗಡು ‘ದಬ್’ ಎಂದರೆ ಸಾಕು. ಮನೆಯ ಛಾವಣಿಗೆ ಬಳಸುವ ಡಾಂಬರು ಹಾಳೆ ಅಗ್ಗವೆಂಬುದು ನಿಜ. ಆದರೆ ಉತ್ತರ ಕರ್ನಾಟಕದ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ವಾಹನದಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆ ಹೊಡೆಯುತ್ತದೆ ಮತ್ತು ಬೆಂಕಿಗೆ ಸುಲಭವಾಗಿ ಹತ್ತಿಕೊಳ್ಳುತ್ತದೆ.

ತಡೆವಸ್ತುವಿನ ಬಲ ಅದರ ತೂಕ. ತೂಕ ಎರಡು ಪಟ್ಟಾದರೆ ತಡೆ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಚದರ ಮೀಟರಿಗೆ 5 ಕಿಲೋ ತೂಗುವ ಭಾರವಾದ ವಿನೈಲ್ ಹಾಳೆಯನ್ನು, ಅಡಿಯಲ್ಲಿ ನೀರು ಹೀರದ ಫೋಮ್ ಇಟ್ಟು, ನೆಲದ ಮೇಲೆ ಅಂಟಿಸದೆ ಹಾಸಲಾಗುತ್ತದೆ. ನಾಲ್ಕು ಚದರ ಮೀಟರಿಗೆ 20 ಕಿಲೋ ಆಗುತ್ತದೆ. ಸುಮಾರು 650 ಕಿಲೋದ ಮಾರುತಿ 800ಕ್ಕೆ ಇದು ಸಣ್ಣ ಹೊರೆಯಲ್ಲ. ಥರ್ಮೋಕೋಲ್ ಹಗುರವೂ ಗಡುಸೂ ಆಗಿರುವುದರಿಂದ ಶಾಖವನ್ನು ತಡೆಯಬಹುದೇ ಹೊರತು ಸದ್ದನ್ನಲ್ಲ.

ಹೀರುವ ವಸ್ತುಗಳೆಂದರೆ ಫೆಲ್ಟ್, ಸೆಣಬು, ತೆರೆದ ರಂಧ್ರದ ಫೋಮ್. ಇವು ಚೆನ್ನಾಗಿ ಕೆಲಸ ಮಾಡಲು ದಪ್ಪವು ತರಂಗಾಂತರದ ಕಾಲುಭಾಗದ ಸನಿಹದಲ್ಲಿರಬೇಕು. 1000 ಹರ್ಟ್ಸ್‌ಗೆ ಇದು ಎಂಟೂವರೆ ಸೆಂಟಿಮೀಟರ್, 100 ಹರ್ಟ್ಸ್‌ಗೆ 85 ಸೆಂಟಿಮೀಟರ್! ಒಂದು ಬೆರಳು ದಪ್ಪದ ಫೆಲ್ಟಿನಿಂದ ಗುಡುಗುಡು ಸದ್ದು ಏಕೆ ನಿಲ್ಲುವುದಿಲ್ಲವೆಂಬುದಕ್ಕೆ ಬೇರೆ ವಿವರಣೆ ಬೇಡ. ಗೋಣಿತಾಟು, ಫೆಲ್ಟುಗಳಿಗೆ ಇನ್ನೂ ಒಂದು ತೊಡಕಿದೆ: ಹೊಲಮನೆಗಳ ಬಳಿ ನಿಲ್ಲಿಸಿದ ವಾಹನಗಳಲ್ಲಿ ಇಲಿಗಳು ಅವುಗಳೊಳಗೆ ಗೂಡು ಮಾಡಿ ವಯರುಗಳನ್ನೂ ಕಡಿಯುತ್ತವೆ.

ಅಳವಡಿಕೆ

ಆಸನ ಹಾಗೂ ನೆಲಹಾಸನ್ನು ತೆಗೆದು, ತುಕ್ಕನ್ನು ಉಜ್ಜಿ, ತುಕ್ಕುನಿರೋಧಕ ಬಣ್ಣ ಬಳಿದು, ಜಿಡ್ಡನ್ನು ಒರೆಸಿದ ನಂತರವೇ ಹಾಳೆಯನ್ನಿಟ್ಟು ರೋಲರಿನಿಂದ ಒತ್ತಬೇಕು. ತುಕ್ಕಿನ ಮೇಲೆಯೇ ಅಂಟಿಸಿದರೆ ತಗಡು ಕಣ್ಣಿಗೆ ಬೀಳದಂತೆ ಒಳಗೊಳಗೇ ಕೊರೆದುಹೋಗುತ್ತದೆ. ಹಳೆಯ ವಾಹನಗಳ ಮಟ್ಟಿಗೆ ಈ ಕೆಲಸದಿಂದ ಆಗಬಹುದಾದ ಅತಿದೊಡ್ಡ ಹಾನಿ ಇದೇ. ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗಲೆಂದು ಬಿಟ್ಟಿರುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಕೂಡದು. ಬಾಗಿಲಿನೊಳಗೆ ನೀರು ಹೀರುವ ವಸ್ತುವನ್ನು ಇಡಕೂಡದು. ಹೊಗೆಕೊಳವೆ ಹಾಯುವ ಜಾಗದಲ್ಲಿ ಬೆಂಕಿ ಹತ್ತದ ವಸ್ತುವನ್ನಷ್ಟೇ ಬಳಸಬೇಕು. ಅಲ್ಯೂಮಿನಿಯಂ ಅಂಚು ಕೈ ಕೊಯ್ಯುವುದರಿಂದ ಕೈಗವಸು ಅಗತ್ಯ. ಜೀಪು, ಟ್ರ್ಯಾಕ್ಸ್‌ಗಳ ತಗಡಿನ ಛಾವಣಿಗೆ ಹಾಳೆ ಹಾಕಿದರೆ ಮಳೆಹನಿಯ ಬಡಿತವೂ ತಗ್ಗುತ್ತದೆ.

ಎಂ.ಕೆ. ಹುಬ್ಬಳ್ಳಿ ಪರಿಸರದ ರಸ್ತೆಗಳು

ಒಂದೇ ವಾಹನ ರಸ್ತೆಗೊಂದು ರಾಗ ಹಾಡುತ್ತದೆಂಬುದನ್ನು ಬೆಳಗಾವಿ ಜಿಲ್ಲೆಯ ಕಿತ್ತೂರು ತಾಲೂಕಿನ ಎಂ.ಕೆ. ಹುಬ್ಬಳ್ಳಿಯಿಂದ ಹೊರಟವರು ಬಲ್ಲರು. ಮಲಪ್ರಭೆಯ ದಡದ ಈ ಊರು ಬೆಳಗಾವಿ–ಧಾರವಾಡ ನಡುವಣ ರಾಷ್ಟ್ರೀಯ ಹೆದ್ದಾರಿ 48ರ (ಹಿಂದಿನ ಹೆದ್ದಾರಿ 4) ಮೇಲಿದೆ. ಹೆದ್ದಾರಿಯಲ್ಲಿ ವೇಗ ಹೆಚ್ಚು. ಅಲ್ಲಿ ಕೇಳುವುದು ಟೈರಿನ ಸುಯ್ಯಾಟ, ಗಾಳಿಯ ಸಿಳ್ಳು, ಸೇತುವೆಯ ಸಂದುಗಳ ಮೇಲೆ ಚಕ್ರದ ಬಡಿತ. ಇಲ್ಲಿ ಬೀಡಿಂಗ್ ಮತ್ತು ನೆಲದ ತಡೆಹಾಸು ಫಲ ಕೊಡುತ್ತವೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಗೆ ಹೋದಂತೆ ಎರೆಭೂಮಿ ವಿಶಾಲವಾಗಿ ಹರಡಿದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ವೇಗ ಕಡಿಮೆಯಿದ್ದರೂ ಅಲ್ಲಿ ಕಾಡುವುದು ಚೌಕಟ್ಟಿನ ಮೂಲಕ ಬರುವ ಗುಡುಗುಡು ಮತ್ತು ಡ್ಯಾಶ್‌ಬೋರ್ಡಿನ ಕಟಕಟ. ಅಲ್ಲಿ ಬುಷ್, ಶಾಕ್ ಅಬ್ಸಾರ್ಬರ್, ಕಂಪನ ತಗ್ಗಿಸುವ ಹಾಳೆಗಳೇ ಮದ್ದು. ಎಲ್ಲಮ್ಮನ ಗುಡ್ಡಕ್ಕೆ ತುಂಬಿದ ಟ್ರ್ಯಾಕ್ಸ್‌ನಲ್ಲಿ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಧ್ವನಿವರ್ಧಕ ಹಚ್ಚಿಕೊಂಡು ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳ ಹಾಡು ಮಾತ್ರ ಯಾವ ಹಾಳೆಗೂ ಬಗ್ಗದು, ಏಕೆಂದರೆ ಅದು ಬರುವುದು ಕಿಟಕಿಯ ತೆಳುಗಾಜಿನ ಮೂಲಕ.

ಆರೋಗ್ಯ ಮತ್ತು ಸುರಕ್ಷತೆ

ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಸದ್ದನ್ನು ವರ್ಷಗಟ್ಟಲೆ ಕೇಳುವುದು ಶ್ರವಣಶಕ್ತಿಗೆ ಹಾನಿಕರವೆಂದು ವ್ಯಾಪಕವಾಗಿ ಒಪ್ಪಲಾಗಿದೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ. ಆದ್ದರಿಂದ ಬಾಡಿಗೆ ವಾಹನದ ಚಾಲಕನಿಗೆ ಇದು ಕೇವಲ ಸುಖದ ವಿಷಯವಲ್ಲ. ಇನ್ನೊಂದೆಡೆ, ಹಳೆಯ ವಾಹನದ ಕಾಯಿಲೆ ಮೊದಲು ತಿಳಿಯುವುದೇ ಸದ್ದಿನಿಂದ. ಬ್ರೇಕ್ ಲೈನರಿನ ಕಿರುಚಾಟ, ಬೇರಿಂಗಿನ ಗುಂಯ್‌ಕಾರ, ಹಿಂದಿನ ವಾಹನದ ಹಾರ್ನ್, ಆಂಬ್ಯುಲೆನ್ಸಿನ ಮೊರೆ ಚಾಲಕನಿಗೆ ಕೇಳಿಸುವಂತಿರಬೇಕು.

ಅಳತೆ

ಮೊಬೈಲ್ ಫೋನಿನ ಡೆಸಿಬೆಲ್ ಆ್ಯಪ್‌ಗಳು ನಿಖರ ಅಂಕಿಯನ್ನು ಕೊಡಲಾರವು. ಆದರೂ ಒಂದೇ ಫೋನು, ಒಂದೇ ರಸ್ತೆ, ಒಂದೇ ವೇಗ, ಕಿಟಕಿ ಮುಚ್ಚಿದ ಸ್ಥಿತಿಯಲ್ಲಿ ಕೆಲಸದ ಮುಂಚೆ ಹಾಗೂ ನಂತರ ಅಳೆದರೆ ಹೋಲಿಕೆಗೆ ಉಪಯುಕ್ತ. ಅಳೆಯುವ ಕೆಲಸವನ್ನು ಪಕ್ಕದಲ್ಲಿ ಕುಳಿತವರು ಮಾಡಬೇಕು. ‘ಎ’ ಮಾಪನಕ್ರಮವು ಕೆಳ ಆವರ್ತನಗಳನ್ನು ಕಡಿಮೆ ತೂಗುವುದರಿಂದ, ಗುಡುಗುಡು ಸ್ಪಷ್ಟವಾಗಿ ತಗ್ಗಿದ್ದರೂ ಅಂಕಿಯಲ್ಲಿ ಒಂದೆರಡು ಡೆಸಿಬೆಲ್ ವ್ಯತ್ಯಾಸವಷ್ಟೇ ಕಾಣಿಸಬಹುದು.