ತಪಸ್ಸುಕಾಲ ಎಂದರೇನು? ನಲವತ್ತು ದಿನಗಳ ಉಪವಾಸ ಮತ್ತು ಕ್ರೈಸ್ತರ ಜೀವಮಾನದ ಯಾತ್ರೆ

ಮಂದ್ರೂಪ: ಸೀನಾ ಮತ್ತು ಭೀಮಾ ನದಿಗಳ ನಡುವಿನ ಈ ಭಾಗದಲ್ಲಿ ಹಿಂಗಾರಿ ಜೋಳದ ರಾಶಿ ನಡೆಯುವ ಹೊತ್ತಿಗೆ ಕ್ರೈಸ್ತರ ಉಪವಾಸದ ದಿನಗಳೂ ಬರುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ಲೆಂಟ್ ಎಂದು ಹೆಸರು. ಕನ್ನಡ ಕಥೋಲಿಕರು ತಪಸ್ಸುಕಾಲ ಎನ್ನುತ್ತಾರೆ. ಮರಾಠಿ ಕ್ರೈಸ್ತರಲ್ಲಿ ಉಪವಾಸಕಾಳ, ಪ್ರಾಯಶ್ಚಿತ್ತಕಾಳ ಎಂಬ ಮಾತುಗಳಿವೆ. ಎರಡೂ ಭಾಷೆ ಬಲ್ಲ ಗಡಿನಾಡಿನವರಿಗೆ ಈ ಹೆಸರುಗಳೇ ಅರ್ಧ ಅರ್ಥ ತಿಳಿಸುತ್ತವೆ. ಇನ್ನರ್ಧ ಅರ್ಥ ತಿಳಿಯಲು ಈ ಆಚರಣೆ ಹುಟ್ಟಿದ ಬಗೆಯನ್ನು ನೋಡಬೇಕು.

ದಿನಗಳ ಲೆಕ್ಕ

ತಪಸ್ಸುಕಾಲ ಬೂದಿ ಬುಧವಾರದಂದು ಆರಂಭವಾಗುತ್ತದೆ. ಅಲ್ಲಿಂದ ಈಸ್ಟರ್ ಹಬ್ಬದ ಹಿಂದಿನ ಶನಿವಾರದವರೆಗೆ 46 ದಿನಗಳು. ಭಾನುವಾರ ಯೇಸುವಿನ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರ ಕಳೆದರೆ ಉಳಿಯುವುದು 40. ಯೇಸು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪು ಇದು. ಬೂದಿ ಬುಧವಾರ 2026ರಲ್ಲಿ ಫೆಬ್ರುವರಿ 18ಕ್ಕೆ, ಈಸ್ಟರ್ ಏಪ್ರಿಲ್ 5ಕ್ಕೆ ಬಿದ್ದಿದೆ. 2027ರಲ್ಲಿ ಇವು ಫೆಬ್ರುವರಿ 10 ಮತ್ತು ಮಾರ್ಚ್ 28.

ಹಿಂದಿನ ವರ್ಷ ಗರಿಗಳ ಭಾನುವಾರದಂದು ಹಂಚಿದ ಗರಿಗಳನ್ನು ಸುಟ್ಟು ಬೂದಿ ಮಾಡುವುದು ರೂಢಿ. ಅದನ್ನು ಹಣೆಗೆ ಹಚ್ಚುವಾಗ, ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂದು ನೆನಪಿಸಲಾಗುತ್ತದೆ.

ದೀಕ್ಷೆಯ ಸಿದ್ಧತೆ

ಕ್ರಿ.ಶ. 325ರ ನಿಕೇಯಾ ಮಹಾಸಭೆಯ ಕಟ್ಟಳೆಗಳಲ್ಲೇ ನಲವತ್ತು ದಿನಗಳ ಉಲ್ಲೇಖವಿದೆ. ಆ ಕಾಲದಲ್ಲಿ ಹೊಸದಾಗಿ ಸಭೆ ಸೇರುವವರಿಗೆ ಈಸ್ಟರ್ ರಾತ್ರಿ ದೀಕ್ಷಾಸ್ನಾನ ಕೊಡುತ್ತಿದ್ದರು. ಮರಾಠಿಯಲ್ಲಿ ಬಾಪ್ತಿಸ್ಮಾ ಎನ್ನುವುದು ಇದಕ್ಕೇ. ಅದಕ್ಕೆ ಮೊದಲಿನ ವಾರಗಳು ಉಪವಾಸ, ಪ್ರಾರ್ಥನೆ, ಬೋಧನೆಗೆ ಮೀಸಲಾಗಿದ್ದವು. ಮುಂದೆ ಇಡೀ ಸಭೆಯೇ ಇದನ್ನು ಪಾಲಿಸತೊಡಗಿತು. ಇಂದಿಗೂ ಕಥೋಲಿಕ ಚರ್ಚುಗಳಲ್ಲಿ ಈಸ್ಟರ್ ಜಾಗರಣೆಯಂದು ಎಲ್ಲರೂ ಮೇಣದಬತ್ತಿ ಹಿಡಿದು ತಮ್ಮ ದೀಕ್ಷೆಯ ವಚನಗಳನ್ನು ಮತ್ತೊಮ್ಮೆ ಹೇಳುತ್ತಾರೆ.

ಆದ್ದರಿಂದ ತಪಸ್ಸುಕಾಲವೆಂದರೆ ಪ್ರತಿ ವರ್ಷ ಮೊದಲ ಮಾತಿಗೆ ಮರಳಿ ಬರುವುದು. ಈ ಜಿಲ್ಲೆಯವರಿಗೆ ಪಂಢರಪುರದ ವಾರಿ ಗೊತ್ತು. ಒಂದು ವಾರಿ ಮುಗಿದರೆ ವಾರಕರಿಯ ನೇಮ ಮುಗಿಯುವುದಿಲ್ಲ. ಮುಂದಿನ ಆಷಾಢಕ್ಕೆ ಮತ್ತೆ ಹೆಜ್ಜೆ ಹಾಕಬೇಕು. ನಂಬಿಕೆ ಬೇರೆಯಾದರೂ ಬದುಕಿಡೀ ನಡೆಯುವ ಆ ಕ್ರಮ ಇಲ್ಲಿಯೂ ಇದೆ. ಅಹಮದನಗರದಲ್ಲಿ ನೆಲೆಸಿದ್ದ ಮರಾಠಿ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕ (ನಿಧನ 1919) ತಮ್ಮ ಭಕ್ತಿಯನ್ನು ಅಭಂಗ, ಕೀರ್ತನೆಗಳಲ್ಲೇ ಹಾಡಿದರು.

ಉಪವಾಸ ಯಾರಿಗೆ?

ಕಥೋಲಿಕ ನಿಯಮದಂತೆ 18 ತುಂಬಿದವರಿಂದ 59 ವರ್ಷದವರೆಗೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಕಡ್ಡಾಯ ಉಪವಾಸ. ಅಂದು ಒಂದೇ ಹೊತ್ತು ಪೂರ್ತಿ ಊಟ. 14 ತುಂಬಿದವರು ಆ ಎರಡು ದಿನ ಮಾಂಸ ತಿನ್ನುವಂತಿಲ್ಲ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ, ಮೈಮುರಿದು ದುಡಿಯುವವರಿಗೆ ಬಲವಂತವಿಲ್ಲ. ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಪ್ರೊಟೆಸ್ಟೆಂಟರಲ್ಲಿ ಉಪವಾಸ ಸಾಮಾನ್ಯವಾಗಿ ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು. ಸೋಲಾಪುರದಲ್ಲಿ 19ನೇ ಶತಮಾನದಲ್ಲಿ ಕೆಲಸ ಮಾಡಿದ ಅಮೆರಿಕನ್ ಮರಾಠಿ ಮಿಷನ್ ಸೇರಿದ್ದ ಕಾಂಗ್ರೆಗೇಷನಲ್ ಪರಂಪರೆ ಲೆಂಟ್‌ಗೆ ಹೆಚ್ಚು ಮಹತ್ವ ಕೊಟ್ಟಿರಲಿಲ್ಲ. 1970ರಲ್ಲಿ ಆ ಪರಂಪರೆಯ ಸಭೆಗಳೂ ಆಂಗ್ಲಿಕನ್ ಸಭೆಗಳೂ ಚರ್ಚ್ ಆಫ್ ನಾರ್ತ್ ಇಂಡಿಯಾದಲ್ಲಿ ಒಂದಾದವು. ಈ ಸಭೆಯ ಪಂಚಾಂಗದಲ್ಲಿ ಲೆಂಟ್ ಇದೆ.

ಗಡಿಯ ಎರಡೂ ಕಡೆ

ಕಥೋಲಿಕರ ಪೈಕಿ ಸೋಲಾಪುರ ಜಿಲ್ಲೆ ಪುಣೆ ಧರ್ಮಪ್ರಾಂತಕ್ಕೆ ಸೇರಿದರೆ, ಭೀಮೆಯ ಆಚೆಯ ವಿಜಯಪುರ 2005ರಲ್ಲಿ ರಚನೆಯಾದ ಗುಲ್ಬರ್ಗ ಧರ್ಮಪ್ರಾಂತಕ್ಕೆ ಸೇರಿದೆ. ಒಂದು ಕಡೆ ಮರಾಠಿ ಪೂಜೆ, ಇನ್ನೊಂದು ಕಡೆ ಕನ್ನಡ ಪೂಜೆ. ಶುಕ್ರವಾರದ ಶಿಲುಬೆ ಹಾದಿಯ 14 ಸ್ಥಳಗಳು ಮಾತ್ರ ಎರಡೂ ಕಡೆ ಅವೇ.

ಹಂಚಿದರೆ ಉಪವಾಸ

ಪ್ರಾರ್ಥನೆ, ಉಪವಾಸ, ದಾನ ಈ ಮೂರೂ ಜೊತೆಗಿರಬೇಕು. ಹಸಿದವರಿಗೆ ರೊಟ್ಟಿ ಹಂಚುವುದೇ ದೇವರು ಮೆಚ್ಚುವ ಉಪವಾಸ ಎಂಬುದು ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದ ಸಾರ. ಕೂಲಿ ಸಿಗದ ದಿನ ಒಲೆ ಹಚ್ಚದ ಮನೆಗೆ ಹಸಿವಿನ ಪಾಠ ಬೇಕಿಲ್ಲ. ಉಳ್ಳವರು ಬಿಟ್ಟ ಒಂದು ಹೊತ್ತಿನ ಊಟ ಅಂಥ ಮನೆಗೆ ತಲುಪಬೇಕು. ಈಸ್ಟರ್ ಆದ ಮೇಲೂ ಈ ರೂಢಿ ಉಳಿದರೆ ನಲವತ್ತು ದಿನಗಳ ಶ್ರಮ ಸಾರ್ಥಕ.