ತೋಟದಪ್ಪನವರ ಛತ್ರ: ಇಳ್ಕೊಳ್ಳೋಕೆ ಒಂದು ಜಾಗ

ಇವತ್ತು ಬೆಳೆ ವಿಷ್ಯ ಬಿಟ್ಟು ಛತ್ರದ ವಿಷ್ಯ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಅಲ್ಲೀವರೆಗೂ ದೂರದ ಪ್ರಯಾಣ ಅಂದ್ರೆ ಎತ್ತಿನಗಾಡಿ, ಕುದುರೆ, ಪಲ್ಲಕ್ಕಿ. ಸಾಹೇಬರಿಗೆ ದಾರಿಯುದ್ದಕ್ಕೂ ಸರ್ಕಾರಿ ಬಂಗಲೆ ಇರ್ತಿತ್ತು, ಅಡುಗೆ ಮಾಡಿಕೊಡೋ ಆಳೂ ಇರ್ತಿದ್ದ. ನಮ್ಮಂಥೋರಿಗೆ ಛತ್ರ, ಅರವಟ್ಟಿಗೆ, ಅದೂ ಇಲ್ಲಾಂದ್ರೆ ಮರದ ಬುಡ. ನಮ್ಮಪ್ಪನ ಕಾಲಕ್ಕೂ ಅಷ್ಟೇನೂ ಬದಲಾಗಿರಲಿಲ್ಲ. ಜಿಗಣಿಯಿಂದ ಗಾಡಿ ಕಟ್ಟಿ ಮಾರ್ಕೆಟ್ಟಿಗೆ ಹೋದ್ರೆ ರಾತ್ರಿ ಗಾಡಿ ಕೆಳಗೇ ಗೋಣಿಚೀಲ ಹಾಸ್ಕೊಂಡು ಮಲಗೋರು.

ರೈಲು ಬಂದ ಮೇಲೆ ಊರಿಗೆ ಜನ ಜಾಸ್ತಿ ಆದ್ರು. 1887ರಲ್ಲಿ ಬ್ರಾನ್ಸನ್ ಅನ್ನೋ ಇಂಗ್ಲಿಷ್ ಹೆಂಗಸು ಹತ್ತು ರೂಮಿನ ವಸತಿಗೃಹ ಶುರು ಮಾಡಿದ್ರು. ಅದೇ ಈಗಿನ ವೆಸ್ಟ್ ಎಂಡ್ ಹೋಟ್ಲು. ಅದು ದುಡ್ಡಿದ್ದ ಬಿಳಿ ಜನಕ್ಕೆ. ಹಳ್ಳಿಯಿಂದ ಗಂಟು ಹೊತ್ತು ಬಂದೋನು ಎಲ್ಲಿ ಇಳ್ಕೋಬೇಕು?

ಇದನ್ನ ಯೋಚನೆ ಮಾಡಿದೋರು ಗುಬ್ಬಿ ತೋಟದಪ್ಪನವರು. 1838ರಲ್ಲಿ ಹುಟ್ಟಿದೋರು, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಮೇಲೆ ಬಂದೋರು. ಮಕ್ಕಳಿರಲಿಲ್ಲ. 1897ರಲ್ಲಿ ರೈಲ್ವೆ ಸ್ಟೇಷನ್ ಎದುರಿಗೇ ಎರಡೂವರೆ ಎಕರೆಯನ್ನ ರೈಲ್ವೆಯವರಿಂದ ಹತ್ತು ಸಾವಿರ ರೂಪಾಯಿಗೆ ಕೊಂಡ್ರು. ಆ ಕಾಲದ ಹತ್ತು ಸಾವಿರ! ಮಾರನೇ ವರ್ಷವೇ ಊರಿಗೆ ಪ್ಲೇಗು ಬಂತು, ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡ್ರು. ಅಂಥಾ ಹೊತ್ತು ಕಳೆದು 1903ರ ಫೆಬ್ರವರಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಬಂದು ಛತ್ರ ತೆರೆದ್ರು. ಆಗಿನ್ನೂ ಅವರು ಪೂರ್ತಿ ಅಧಿಕಾರ ವಹಿಸ್ಕೊಂಡು ಆರು ತಿಂಗಳಾಗಿತ್ತು. ತೋಟದಪ್ಪನವರು 1910ರಲ್ಲಿ ತೀರ್ಕೊಂಡ್ರು; ಆಸ್ತಿ ಎಲ್ಲಾ ಟ್ರಸ್ಟಿಗೆ ಬರೆದಿದ್ರು. ಕೆ.ಪಿ. ಪುಟ್ಟಣ್ಣ ಚೆಟ್ಟರು ಅದನ್ನ ನೋಡ್ಕೊಂಡ್ರು.

ನನಗೆ ಮುಖ್ಯ ಅನ್ಸೋದು ಛತ್ರಕ್ಕಿಂತ ಜೊತೆಗಿದ್ದ ಹುಡುಗರ ಹಾಸ್ಟೆಲ್ಲು. ಮಾಗಡಿ ಕಡೆ ವೀರಾಪುರದ ಒಬ್ಬ ರೈತರ ಮಗ 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿ ಇಲ್ಲೇ ಉಳ್ಕೊಂಡು ಓದ್ತಿದ್ದ. 1930ರಲ್ಲಿ ಮಠಕ್ಕೆ ಕರೆ ಬಂತು, ಡಿಗ್ರಿ ಅರ್ಧಕ್ಕೇ ನಿಂತು ಹೋಯ್ತು. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು. ಆಮೇಲೆ ಅವರು ಎಷ್ಟು ಸಾವಿರ ಮಕ್ಕಳಿಗೆ ಅನ್ನ, ಜಾಗ ಕೊಟ್ರು ಅನ್ನೋದು ಎಲ್ಲರಿಗೂ ಗೊತ್ತು. ಜಾಗ ಸಿಗದ ಹುಡುಗನ ಕಷ್ಟ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನ್ಸುತ್ತೆ.

ಒಂದು ಮಾತು ಮುಚ್ಚಿಡಬಾರದು. ಆ ಹಾಸ್ಟೆಲ್ ವೀರಶೈವ ಹುಡುಗರಿಗೆ. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು, ಅವರೂ ತಮ್ಮ ಹುಡುಗರಿಗೆ ಹಾಸ್ಟೆಲ್ ಮಾಡಿದ್ರು. ದಲಿತ ಮಕ್ಕಳಿಗೆ ಅಂತ ಗೋಪಾಲಸ್ವಾಮಿ ಅಯ್ಯರ್ ಬೇರೆಯಾಗೇ ಓಡಾಡಬೇಕಾಯ್ತು. ಜಾತಿಗೊಂದು ಬಾಗಿಲು. ಆದ್ರೂ ಆ ಬಾಗಿಲುಗಳು ಇಲ್ದಿದ್ರೆ ಹಳ್ಳಿ ಹುಡುಗರು ಕಾಲೇಜು ಮೆಟ್ಟಿಲು ಹತ್ತೋದೇ ಕಷ್ಟ ಇತ್ತು ಅನ್ನೋದೂ ನಿಜ.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಮಾರ್ಕ್ಸ್ ಕಮ್ಮಿ ಇರಲಿಲ್ಲ. ಬಸ್ಸು ಕಮ್ಮಿ, ಬೆಂಗಳೂರಲ್ಲಿ ನೆಂಟರಿಲ್ಲ, ರೂಮು ಮಾಡೋಕೆ ದುಡ್ಡಿಲ್ಲ. ನೇಗಿಲು ಹಿಡಿದೆ. ಈಗ ನೋಡಿ, ಜಿಗಣಿ ಇಂಡಸ್ಟ್ರಿಯಲ್ ಏರಿಯಾ ಸುತ್ತ ರಾಗಿ ಬೆಳೀತಿದ್ದ ಹೊಲದಲ್ಲೆಲ್ಲಾ ಶೀಟಿನ ರೂಮು. ಉತ್ತರ ಕರ್ನಾಟಕದಿಂದ, ಒಡಿಶಾ, ಬಿಹಾರದಿಂದ ಬಂದ ಹುಡುಗರು ಒಂದೊಂದು ರೂಮಲ್ಲಿ ನಾಲ್ಕೈದು ಜನ. ನನ್ನ ಬದುವಿನ ಪಕ್ಕದ ರೂಮಿನ ಹುಡುಗನೊಬ್ಬ ರಾತ್ರಿ ಪಾಳಿ ಮುಗಿಸಿ ಬಂದು ಪಿಯುಸಿ ಪರೀಕ್ಷೆಗೆ ಓದ್ತಾನೆ, ಅದೂ ನಮ್ಮ ಪಂಪ್‌ಸೆಟ್ ಮನೆ ಕಟ್ಟೆ ಮೇಲೆ ಕೂತು. ರೂಮಲ್ಲಿ ಮಿಕ್ಕೋರು ಮಲಗಿರ್ತಾರಲ್ಲ, ಅದಕ್ಕೆ.

ಛತ್ರ ಈಗಲೂ ಇದೆ, ಮೆಜೆಸ್ಟಿಕ್‌ನಲ್ಲಿ, ಆ ರಸ್ತೆಗೂ ತೋಟದಪ್ಪನವರದ್ದೇ ಹೆಸರು. ನಿಮ್ಮನೇಲಿ ಹಳಬರು ಯಾರಾದ್ರೂ ಅಲ್ಲಿದ್ದು ಓದಿದ್ರೆ ತಿಳಿಸಿ, ಅಲ್ಲಿನ ಊಟದ ಸಾಲಿನ ಕತೆ ಕೇಳಬೇಕು.