‘ಬ್ಲಾಕ್‌ಚೈನ್‌ನಲ್ಲಿದೆ, ಯಾರೂ ತಿದ್ದಲಾಗದು’ ಎಂಬುದು ನಿಜವೇ? ಮೊದಲ ಬ್ಲಾಕ್ ನೋಡಿ

‘ನಮ್ಮ ಕಾಯಿನ್ ನಮ್ಮದೇ ಬ್ಲಾಕ್‌ಚೈನ್‌ನಲ್ಲಿದೆ, ಇದನ್ನು ಯಾರೂ ತಿದ್ದಲಾರರು, ಇಂದೇ ಹಣ ಹಾಕಿ’ ಎಂಬ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮುನ್ನ ಒಂದು ವಿಷಯ ತಿಳಿದಿರಲಿ: ಒಂದು ಲ್ಯಾಪ್‌ಟಾಪ್ ಇದ್ದರೆ ಸಾಕು, ಖಾಸಗಿ ಬ್ಲಾಕ್‌ಚೈನ್ ಅನ್ನು ಯಾರು ಬೇಕಾದರೂ ಶುರು ಮಾಡಬಹುದು.

ಬ್ಲಾಕ್‌ಚೈನ್ ಎಂದರೆ ಲೆಕ್ಕದ ಪುಸ್ತಕ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಹ್ಯಾಶ್, ಅಂದರೆ ಹೆಬ್ಬೆಟ್ಟಿನಂಥ ಗುರುತು ಇರುತ್ತದೆ. ಮೊದಲ ಪುಟಕ್ಕೆ ಹಿಂದಿನದೆಂಬುದಿಲ್ಲ, ಅಲ್ಲಿ ಬರೀ ಸೊನ್ನೆಗಳು. ಇದೇ ಜೆನೆಸಿಸ್ ಬ್ಲಾಕ್.

ಇಥೀರಿಯಂ ಮಾದರಿಯ ಖಾಸಗಿ ಜಾಲದಲ್ಲಿ ಈ ಬ್ಲಾಕ್‌ನ ವಿವರಗಳನ್ನು ಒಂದು ಚಿಕ್ಕ ಫೈಲ್‌ನಲ್ಲಿ ಕೈಯಾರೆ ಬರೆಯುತ್ತಾರೆ. ಜಾಲದ ಗುರುತಿಗೆ ಚೈನ್ ಐಡಿ (ಇಥೀರಿಯಂನ ಮುಖ್ಯ ಜಾಲದ್ದು 1, ಖಾಸಗಿಯವರು ಬೇರೆ ಸಂಖ್ಯೆ ಇಟ್ಟುಕೊಳ್ಳಬೇಕು), ಒಂದು ಬ್ಲಾಕ್‌ನಲ್ಲಿ ಎಷ್ಟು ಕೆಲಸ ಹಿಡಿಸಬೇಕೆಂಬುದಕ್ಕೆ ಗ್ಯಾಸ್ ಲಿಮಿಟ್. ಇವು ತಾಂತ್ರಿಕ ಸಂಗತಿಗಳು. ನಮಗೆ ಮುಖ್ಯವಾದವು ಇನ್ನೆರಡು.

ಒಂದು, ಸಹಿದಾರರು. ‘ಕ್ಲಿಕ್’ ಎಂಬ ಪದ್ಧತಿಯಲ್ಲಿ ಹೊಸ ಬ್ಲಾಕ್‌ಗೆ ಸಹಿ ಹಾಕುವ ಹಕ್ಕು ಯಾರದೆಂದು ಮೊದಲ ಬ್ಲಾಕ್‌ನಲ್ಲೇ ಬರೆದಿರುತ್ತದೆ. ಮುಂದೆ ಹೊಸಬರನ್ನು ಸೇರಿಸಬೇಕಾದರೂ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ಹಾಕಬೇಕು. ಒಬ್ಬನೇ ಸಹಿದಾರನಿದ್ದರೆ? ಪುಸ್ತಕ ಅವನದು, ಪೆನ್ನೂ ಅವನದು.

ಎರಡು, ಹಂಚಿಕೆ. ಯಾವ ಖಾತೆಯಲ್ಲಿ ಆರಂಭದಿಂದಲೇ ಎಷ್ಟು ನಾಣ್ಯ ಇರಬೇಕೆಂದು ಇಲ್ಲಿ ಬರೆದರೆ ಸಾಕು, ಅಷ್ಟು ಇರುತ್ತದೆ. ನೂರು ಕೋಟಿ ಬರೆಯುವುದಕ್ಕೂ ಹತ್ತು ಬರೆಯುವುದಕ್ಕೂ ಶ್ರಮ ಒಂದೇ! ಇದೇನೂ ಮೋಸದ ವಿಧಾನವಲ್ಲ. 2015ರ ಜುಲೈ 30ರಂದು ಶುರುವಾದ ಇಥೀರಿಯಂನ ಮೊದಲ ಬ್ಲಾಕ್‌ನಲ್ಲೂ ಸುಮಾರು 7.2 ಕೋಟಿ ಈಥರ್ ಹಂಚಿಕೆಯಾಗಿತ್ತು. ಆದರೆ ಅದನ್ನು ಇಂದಿಗೂ ಯಾರು ಬೇಕಾದರೂ ತೆರೆದು ನೋಡಬಹುದು.

ಜಾಲದ ಎಲ್ಲ ಕಂಪ್ಯೂಟರ್‌ಗಳೂ ಇದೇ ಬ್ಲಾಕ್‌ನಿಂದ ಆರಂಭಿಸಬೇಕು. ಹಂಚಿಕೆಯಲ್ಲಿ ಒಂದು ಅಂಕಿ ಬದಲಾದರೂ ಹ್ಯಾಶ್ ಬೇರೆಯಾಗಿ, ಆ ಕಂಪ್ಯೂಟರ್ ಉಳಿದವುಗಳ ಜೊತೆ ಸೇರುವುದಿಲ್ಲ. ಪ್ರತಿಗಳು ಬೇರೆಬೇರೆ ಸಂಸ್ಥೆಗಳ ಕೈಯಲ್ಲಿದ್ದರೆ ಕಳ್ಳ ತಿದ್ದುಪಡಿ ಸಿಕ್ಕಿಬೀಳುವುದು ಹೀಗೆಯೇ. ಎಲ್ಲ ಕಂಪ್ಯೂಟರ್‌ಗಳೂ ಒಬ್ಬನವೇ ಆಗಿದ್ದರೆ, ಹಳೆಯ ಡೇಟಾ ಅಳಿಸಿ ಹೊಸ ಫೈಲ್‌ನಿಂದ ಮತ್ತೆ ಶುರು ಮಾಡಲು ಕೆಲವೇ ನಿಮಿಷ ಸಾಕು.

ಹಾಗಾಗಿ ಹಣ ಕೇಳಿದವರನ್ನು ಕೇಳಿ: ಸಹಿದಾರರು ಯಾರು, ಎಷ್ಟು ಮಂದಿ? ಮೊದಲ ಬ್ಲಾಕ್‌ನಲ್ಲಿ ಯಾರಿಗೆ ಎಷ್ಟು ಹೋಗಿದೆ? ಆ ಫೈಲ್ ತೋರಿಸುತ್ತೀರಾ?